ಹತ್ತು ತಿಂಗಳ ಮಗು, ಬವೇರಿಯಾದ ಬಿಯರ್ ಮತ್ತು ಬಾರದ ಬಿಲ್ಲು

ಪುಟ್ಟಿ ಅಳಲು ಶುರು ಮಾಡಿ ಹದಿನೆಂಟು ನಿಮಿಷದ ಮೇಲೆ ನಮ್ಮ ಬಿಲ್ಲು ಬಂತು. ಅವಳನ್ನು ಹೆಗಲಿಗೆ ಹಾಕಿಕೊಂಡು ನಾನು ಓಡಾಡುತ್ತಿದ್ದ ಜಾಗದ ಎದುರಿಗೇ ಗೋಡೆ ಗಡಿಯಾರ ಇತ್ತು, ಹಾಗಾಗಿ ಲೆಕ್ಕ ಸರಿಯಾಗಿ ಗೊತ್ತು. ಗಂಡ ಮೇಜಿನ ಪಕ್ಕ ನಿಂತು ಕಾರ್ಡನ್ನು ಗಾಳಿಯಲ್ಲಿ ಆಡಿಸುತ್ತಿದ್ದ, ಹೊರಟುಹೋಗುತ್ತಿರುವ ಬಸ್ಸಿಗೆ ಕೈ ಅಡ್ಡ ಹಾಕುವವರ ಹಾಗೆ. ಸುತ್ತಲಿದ್ದವರು ಯಾರೂ ಮುಖ ಸಿಂಡರಿಸಲಿಲ್ಲ. ಅದೇ ಇನ್ನೂ ಕಷ್ಟ.

ಅದು ಕೆಟ್ಟ ಜಾಗ ಏನಲ್ಲ. ಜರ್ಮನಿಯ ಬವೇರಿಯಾ ರಾಜ್ಯದ ಒಂದು ಬ್ರೂಪಬ್, ಅಂದರೆ ಬಿಯರನ್ನು ಅಲ್ಲೇ ಕಾಯಿಸಿ ಕೊಡುವ ಪಬ್, ಹೆಸರು ಬೇಡ. ಮಗುವಿಗೆ ಎತ್ತರದ ಕುರ್ಚಿ ತಾವಾಗಿಯೇ ತಂದಿಟ್ಟರು. ಟಾಯ್ಲೆಟ್ಟಿನಲ್ಲಿ ಡಯಾಪರ್ ಬದಲಿಸುವ ಹಲಗೆ ಇತ್ತು. ಬಿಯರ್ ಕಾಯಿಸುವ ತಾಮ್ರದ ಹಂಡೆಗಳು ಕೂತಲ್ಲಿಂದಲೇ ಕಾಣುತ್ತಿದ್ದವು. "ಮಕ್ಕಳ ಜೊತೆ ಹೋಗಬಹುದಾದ ಬ್ರೂಪಬ್" ಅಂತ ಫೋನಿನಲ್ಲಿ ಹುಡುಕಿದರೆ ಮೊದಲು ಬರುವಂಥ ಜಾಗ. ನಾವೂ ಹಾಗೆ ಹುಡುಕಿಯೇ ಹೋಗಿದ್ದು. ಆದರೆ ಏಳಬೇಕು ಅನ್ನಿಸಿದಾಗ ಏಳಲು ಆಗಲಿಲ್ಲ. ಹತ್ತು ತಿಂಗಳ ಮಗುವಿನ ಜೊತೆ ಇರುವವರಿಗೆ ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿಲ್ಲ. ಕುರ್ಚಿ, ಹಲಗೆ ಎಲ್ಲ ಆಮೇಲಿನ ಮಾತು.

ನಾವಿಬ್ಬರೂ ಬಿಯರ್ ಇಷ್ಟಪಡುವವರು. ಪುಟ್ಟಿ ಹುಟ್ಟುವ ಮುಂಚೆ ಬೆಂಗಳೂರಿನ ಬ್ರೂಪಬ್‌ಗಳಲ್ಲಿ ಎಷ್ಟು ಶನಿವಾರ ಕಳೆದಿದ್ದೇವೋ ಲೆಕ್ಕ ಇಲ್ಲ. ಅವಳು ಹುಟ್ಟಿದ ಮೇಲೆ ಒಂದೇ ಸಲ ಹೋದೆವು. ಸಂಜೆ ಏಳರ ಮೇಲೆ ಮಕ್ಕಳನ್ನು ಬಿಡುವುದಿಲ್ಲ ಅಂತ ಗೇಟಿನಲ್ಲೇ ವಾಪಸ್ ಕಳಿಸಿದರು. ಒಳಗಿನ ಸ್ಪೀಕರ್ ಸದ್ದಿಗೆ ಗೇಟಿನ ಹತ್ತಿರವೇ ಎದೆ ಅದುರುತ್ತಿತ್ತು, ಹಾಗಾಗಿ ಅವರ ಮೇಲೆ ಸಿಟ್ಟೂ ಬರಲಿಲ್ಲ. ಆಮೇಲೆ ಈ ಸೆಪ್ಟೆಂಬರ್ ಮೊದಲಲ್ಲಿ ಮ್ಯೂನಿಕ್‌ನಲ್ಲಿರುವ ಗಂಡನ ಗೆಳೆಯನ ಮನೆಗೆ ಹೊರಟೆವು. ಅಕ್ಟೋಬರ್‌ಫೆಸ್ಟ್ ಅನ್ನುವ ದೊಡ್ಡ ಬಿಯರ್ ಜಾತ್ರೆ ಶುರುವಾಗುವ ಮುಂಚೆ, ಬೇಕಂತಲೇ. ಅಲ್ಲಿಯ ಟೆಂಟ್‌ಗಳಿಂದ ಆರು ವರ್ಷದೊಳಗಿನ ಮಕ್ಕಳನ್ನು ರಾತ್ರಿ ಎಂಟರೊಳಗೆ ಹೊರಗೆ ಕರೆದುಕೊಂಡು ಹೋಗಲೇಬೇಕು ಅನ್ನುವ ನಿಯಮ ಇದೆ. ನಮ್ಮವಳಿಗೆ ಆ ಗದ್ದಲ ಹಗಲಲ್ಲೂ ಬೇಡ. ಇನ್ನೊಂದು ಮಾತು: ನಾನಿನ್ನೂ ಎದೆಹಾಲು ಕುಡಿಸುತ್ತಿದ್ದೆ. ಹಾಗಾಗಿ ಕುಡಿದವನು ಅವನು, ಮಾರ್ಕ್ಸ್ ಕೊಡುವವಳು ನಾನು. ನನ್ನ ಪಾಲಿಗೆ ಆಲ್ಕೋಹಾಲ್ ಇಲ್ಲದ ಗೋಧಿ ಬಿಯರ್. ಅಲ್ಲಿ ಅದನ್ನು ಯಾರೂ ಪಥ್ಯದ ಥರ ನೋಡುವುದಿಲ್ಲ, ಅದೇ ಎತ್ತರದ ಗ್ಲಾಸು, ಅದೇ ನೊರೆ. ಆದರೆ ಜರ್ಮನಿಯಲ್ಲಿ "ಆಲ್ಕೋಹಾಲ್ ಇಲ್ಲ" ಅಂದರೂ 0.5 ಪರ್ಸೆಂಟ್ ತನಕ ಇರಬಹುದು. ಪೂರ್ತಿ ಸೊನ್ನೆಯೇ ಬೇಕಿದ್ದರೆ 0.0 ಅಂತ ಬರೆದಿರುವುದನ್ನು ಕೇಳಿ ತೆಗೆದುಕೊಳ್ಳಿ.

ಬ್ರೂಪಬ್ಬಿನ ಮರುದಿನ ಗೆಳೆಯ ನಮ್ಮನ್ನು ಹಿರ್ಷ್‌ಗಾರ್ಟನ್‌ಗೆ ಕಳಿಸಿದ. ಮ್ಯೂನಿಕ್‌ನ ದೊಡ್ಡ ರೈಲ್ವೆ ಸ್ಟೇಷನ್ನಿನಿಂದ ಎಸ್-ಬಾನ್ ರೈಲಿನಲ್ಲಿ ಮೂರೇ ಸ್ಟಾಪು, ಆಮೇಲೆ ಸ್ವಲ್ಪ ನಡಿಗೆ. ಎಂಟು ಸಾವಿರ ಜನ ಕೂರುವ ಬಿಯರ್ ತೋಟ. ಕಟ್ಟುನಿಟ್ಟಾಗಿ ಹೇಳಿದರೆ ಇದು ಬ್ರೂಪಬ್ ಅಲ್ಲ, ಬಿಯರ್ ಬೇರೆ ಕಡೆ ತಯಾರಾಗಿ ಬರುತ್ತದೆ. ತಾಮ್ರದ ಹಂಡೆ ನೋಡಲೇಬೇಕು ಅನ್ನುವವರಿಗೆ ನಿರಾಸೆ ಆಗಬಹುದು. ಮರದ ಸ್ಟ್ಯಾಂಡಿನಿಂದ ಮಗ್ಗನ್ನು ನೀವೇ ಎತ್ತಿಕೊಂಡು, ತೊಟ್ಟಿಯ ತಣ್ಣೀರಿನಲ್ಲಿ ತೊಳೆದು, ತುಂಬಿಸಿಕೊಳ್ಳಲು ಹೋಗಬೇಕು. ಛತ್ರದಲ್ಲಿ ಊಟಕ್ಕೆ ಮುಂಚೆ ಬಾಳೆಎಲೆ ತೊಳೆಯುವ ಹಾಗೆ. ದುಡ್ಡು ಅಲ್ಲೇ, ಆಗಲೇ. ಕೂತ ಮೇಲೆ ನಿಮಗೂ ಅವರಿಗೂ ಯಾವ ಲೆಕ್ಕವೂ ಬಾಕಿ ಇಲ್ಲ. ಆ ದಿನ ಪುಟ್ಟಿ ಎರಡು ಸಲ ರಂಪ ಮಾಡಿದಳು. ಎರಡು ಸಲವೂ ಒಂದು ನಿಮಿಷದೊಳಗೆ ನಾನು ಅವಳನ್ನು ಎತ್ತಿಕೊಂಡು ಜಿಂಕೆಗಳ ಬೇಲಿಯ ಹತ್ತಿರ ಇದ್ದೆ.

ಹೌದು, ಜಿಂಕೆ. ಹಿರ್ಷ್ ಅಂದರೆ ಜಿಂಕೆಯೇ. 1780ರಲ್ಲಿ ಕಾರ್ಲ್ ಥಿಯೋಡೋರ್ ಅನ್ನುವ ದೊರೆ ಬೇಟೆಗೆ ಅಂತ ಮಾಡಿಸಿದ ವನ ಇದು. ಈಗ ಬೇಟೆ ಇಲ್ಲ, ಬೇಲಿ ಒಳಗೆ ಜಿಂಕೆಗಳು, ಹೊರಗೆ ಮಕ್ಕಳು. ಪುಟ್ಟಿ ಒಂದು ಜಿಂಕೆಯನ್ನು ನೋಡಿ "ಬೌ" ಅಂದಳು. ಅವಳ ಪ್ರಕಾರ ನಾಲ್ಕು ಕಾಲಿರುವುದೆಲ್ಲ ಬೌ.

ಈ ತೋಟಗಳ ಇನ್ನೊಂದು ಉಪಕಾರ ಊಟದ್ದು. ಮೇಜಿನ ಮೇಲೆ ಬಟ್ಟೆ ಹಾಸಿದ್ದರೆ ಅಲ್ಲಿ ವೇಯ್ಟರ್ ಬರುತ್ತಾರೆ, ಅವರ ಊಟವನ್ನೇ ತಿನ್ನಬೇಕು. ಬಟ್ಟೆ ಇಲ್ಲದ ಬರೀ ಮರದ ಮೇಜಾದರೆ ನಿಮ್ಮ ಬುತ್ತಿ ನೀವೇ ಬಿಚ್ಚಬಹುದು, ಬಿಯರ್ ಮಾತ್ರ ಅವರದ್ದು. ಇದರ ಹಿಂದೆ ಹಳೆಯ ಜಗಳ ಇದೆ. 1539ರ ಕಾನೂನಿನ ಪ್ರಕಾರ ಬೇಸಿಗೆಯಲ್ಲಿ ಬಿಯರ್ ಕಾಯಿಸುವ ಹಾಗಿರಲಿಲ್ಲ. ಚಳಿಗಾಲದಲ್ಲಿ ಮಾಡಿದ್ದನ್ನು ನೆಲಮಾಳಿಗೆಯಲ್ಲಿ ತಂಪಾಗಿಡುತ್ತಿದ್ದರು. ಮಾಳಿಗೆಗೆ ನೆರಳಾಗಲಿ ಅಂತ ಮೇಲೆ ಚೆಸ್ಟ್‌ನಟ್ ಮರ ನೆಟ್ಟು, ಜಲ್ಲಿ ಹಾಸಿದರು. ಆ ನೆರಳಲ್ಲೇ ಕೂರಿಸಿ ಬಿಯರ್ ಮಾರಲು ಶುರು ಮಾಡಿದಾಗ ಊರಿನ ಹೋಟೆಲಿನವರು ನಮ್ಮ ವ್ಯಾಪಾರ ಹೋಯಿತು ಅಂತ ಗಲಾಟೆ ಮಾಡಿದರು. 1812ರಲ್ಲಿ ರಾಜ ಮ್ಯಾಕ್ಸಿಮಿಲಿಯನ್ ಒಂದು ರಾಜಿ ಮಾಡಿಸಿದ: ಬಿಯರ್ ಮಾರಿ, ಜೊತೆಗೆ ಬ್ರೆಡ್ ಕೊಡಿ, ಬೇರೆ ಊಟ ಬೇಡ. ಜನ ಮನೆಯಿಂದ ಬುತ್ತಿ ತರಲು ಶುರು ಮಾಡಿದರು.

ಆ ರಾಜಿಯ ಫಲವನ್ನು ಇನ್ನೂರು ವರ್ಷ ಆದ ಮೇಲೆ ನಾವು ಉಂಡೆವು. ಗೆಳೆಯನ ಹೆಂಡತಿ ಕಟ್ಟಿಕೊಟ್ಟ ಚಪಾತಿ, ಚಟ್ನಿಪುಡಿ. ಪುಟ್ಟಿಗೆ ಫ್ಲಾಸ್ಕಿನ ಬಿಸಿನೀರಲ್ಲಿ ಕಲಸಿದ ರಾಗಿ ಸರಿ. ಅಲ್ಲಿಯ ಗಂಟು ಹಾಕಿದಂಥ ದೊಡ್ಡ ಬ್ರೆಡ್ಡು, ಪ್ರೆಟ್ಸೆಲ್, ಅದರ ಮೇಲೆ ಕಲ್ಲುಪ್ಪು ಹರಳು ಹರಳಾಗಿ ಅಂಟಿರುತ್ತದೆ. ಒಂದು ವರ್ಷದ ತನಕ ಉಪ್ಪು ಬೇಡ ಅಂತ ನಮ್ಮ ಡಾಕ್ಟರ್ ಹೇಳಿದ್ದರಿಂದ ಅವಳ ಕೈಗೆ ಅದನ್ನು ಕೊಡುವ ಹಾಗಿರಲಿಲ್ಲ. ನಮಗೇನು, ಪ್ರೆಟ್ಸೆಲ್ ಮುರಿದು ಚಟ್ನಿಪುಡಿಗೆ ಅದ್ದಿ ತಿಂದೆವು. ಬೆಣ್ಣೆಗಿಂತ ಚೆನ್ನಾಗಿತ್ತು.

ಅಷ್ಟರಲ್ಲಿ ತುಮಕೂರಿನಿಂದ ಅತ್ತೆಯ ವಿಡಿಯೋ ಕಾಲ್. ಗಂಡ ಮಗ್ಗನ್ನು ಪಕ್ಕಕ್ಕೆ ಸರಿಸುವಷ್ಟರಲ್ಲಿ ಕಂಡುಬಿಟ್ಟಿತ್ತು.

"ಅದೇನೋ ಅದು, ಅಷ್ಟು ದೊಡ್ಡ ಜಗ್ಗು?"

"ಜ್ಯೂಸಮ್ಮಾ."

"ನೊರೆ ಬರೋ ಜ್ಯೂಸಾ?"

ನಾನು ಫೋನ್ ಇಸಕೊಂಡು ಕ್ಯಾಮೆರಾ ತಿರುಗಿಸಿ ಜಿಂಕೆ, ಜಾರುಬಂಡೆ, ಪಕ್ಕದ ಮೇಜಿನಲ್ಲಿ ಮೂಲಂಗಿ ಹೆಚ್ಚುತ್ತಿದ್ದ ಅಜ್ಜಿಯನ್ನು ತೋರಿಸಿದೆ. "ವಯಸ್ಸಾದವರೂ ಕೂತಿದಾರಲ್ಲ, ಪಾರ್ಕ್ ಇದ್ದಂಗಿದೆ. ಮಗೂಗೆ ಟೋಪಿ ಹಾಕು" ಅಂದರು. ಅಷ್ಟೇ. ಇದೇ ಕಾಲ್ ಹಿಂದಿನ ದಿನದ ಬ್ರೂಪಬ್ಬಿನಲ್ಲಿ ಬಂದಿದ್ದರೆ ಮಾತು ಬೇರೆಯೇ ಆಗುತ್ತಿತ್ತು.

ಎಲ್ಲ ಚಂದ ಅಂತ ಹೇಳುವುದಿಲ್ಲ. ಆ ಜಲ್ಲಿ ಇದೆಯಲ್ಲ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ವಯಸ್ಸಿಗೆ ಅದು ಶತ್ರು. ನೆಲಕ್ಕೆ ಬಿಟ್ಟ ಹತ್ತೇ ಸೆಕೆಂಡಿನಲ್ಲಿ ಪುಟ್ಟಿಯ ಮುಷ್ಟಿ ಬಿಗಿಯಾಗಿತ್ತು. ಒಂದೊಂದೇ ಬೆರಳು ಬಿಡಿಸಿದರೆ ಒಳಗೆ ಎರಡು ಕಲ್ಲು, ಒಂದು ಒಣಗಿದ ಚೆಸ್ಟ್‌ನಟ್ ಸಿಪ್ಪೆ. ಸೆಪ್ಟೆಂಬರ್‌ನಲ್ಲಿ ಮೇಲಿನಿಂದ ಆ ಕಾಯಿಗಳು ಟಪ್ ಟಪ್ ಅಂತ ಬೀಳುತ್ತವೆ, ಸ್ಟ್ರೋಲರ್‌ನ ಮುಚ್ಚಳ ತೆಗೆಯಬೇಡಿ. ಕಣಜಗಳ ಕಾಟವೂ ಅದೇ ಕಾಲದಲ್ಲಿ. ಅಲ್ಲಿಯವರು ಗ್ಲಾಸಿನ ಮೇಲೆ ರಟ್ಟಿನ ಕೋಸ್ಟರ್ ಮುಚ್ಚಿಡುವುದನ್ನು ನೋಡಿ ನಾನು ಸ್ಟೈಲು ಅಂದುಕೊಂಡಿದ್ದೆ. ಪುಟ್ಟಿಯ ಬಾಳೆಹಣ್ಣಿನ ಬಟ್ಟಲಿಗೆ ಮೂರು ಕಣಜ ಬಂದ ಮೇಲೆ ಅರ್ಥವಾಯಿತು. ಒಂದು ಲೀಟರ್ ಮಗ್ಗು ತುಂಬಿದರೆ ಎರಡು ಕಿಲೋ ದಾಟುತ್ತದೆ, ಅದನ್ನು ಮಗುವಿನ ಕೈಗೆ ಎಟುಕುವಲ್ಲಿ ಇಡಬೇಡಿ. ಇನ್ನು ಸಿಗರೇಟು. 2010ರಲ್ಲಿ ಜನಮತ ಪಡೆದು ಬವೇರಿಯಾದವರು ಪಬ್ಬು, ಹೋಟೆಲುಗಳ ಒಳಗೆ ಸೇದುವುದನ್ನು ಪೂರ್ತಿ ನಿಲ್ಲಿಸಿದರು. ಹೊರಗೆ ಸೇದಬಹುದು. ಅಂದರೆ ಹೊಗೆಯ ವಿಷಯದಲ್ಲಿ ಮಾತ್ರ ಒಳಗಿನ ಬ್ರೂಪಬ್ಬೇ ಗೆಲ್ಲುತ್ತದೆ. ತೋಟದಲ್ಲಿ ನಾವು ಎರಡು ಸಲ ಮೇಜು ಬದಲಿಸಿದೆವು.

ಮ್ಯೂನಿಕ್‌ನ ದೊಡ್ಡ ಪಾರ್ಕ್ ಇಂಗ್ಲಿಷ್ ಗಾರ್ಡನ್ನಿನ ಒಳಗಿರುವ ಚೈನೀಸ್ ಟವರ್ ಬಿಯರ್ ತೋಟಕ್ಕೂ ಒಂದು ಮಧ್ಯಾಹ್ನ ಹೋದೆವು. ಏಳು ಸಾವಿರ ಸೀಟು, ನಡುವೆ ಮರದ ಗೋಪುರ. ಗೋಪುರದ ಮೇಲೆ ಕೂತು ಬ್ಯಾಂಡಿನವರು ಊದುತ್ತಾರೆ. ಪಕ್ಕದಲ್ಲಿ ಮಕ್ಕಳು ಕೂತು ಸುತ್ತುವ 1913ರ ಹಳೆಯ ಮರದ ಕ್ಯಾರೊಸೆಲ್. ಮೂರು ವರ್ಷದ ಮಗು ಇದ್ದರೆ ಕಣ್ಣು ಮುಚ್ಚಿಕೊಂಡು ಇಲ್ಲಿಗೇ ಹೋಗಿ. ಪುಟ್ಟಿ ತುತ್ತೂರಿಗಳನ್ನು ಬಾಯಿ ಬಿಟ್ಟುಕೊಂಡು ನೋಡಿದಳು, ಮಲಗಲಿಲ್ಲ. ಅವಳು ಮಲಗದಿದ್ದರೆ ಸಂಜೆ ನಮ್ಮ ಕಥೆ ಏನು ಅಂತ ಮಕ್ಕಳಿರುವವರಿಗೆ ಹೇಳಬೇಕಾಗಿಲ್ಲ. ದೊಡ್ಡ ಸ್ಟೇಷನ್ನಿನಿಂದ ನಡೆದು ಹೋಗಬಹುದಾದ ಆಗಸ್ಟಿನರ್ ಕೆಲ್ಲರ್ ಅನ್ನುವ ಬಿಯರ್ ತೋಟ ರೈಲು ಹಿಡಿಯುವ ದಿನಕ್ಕೆ ಅನುಕೂಲ, ಅಲ್ಲಿ ಮರದ ಪೀಪಾಯಿಯಿಂದ ಬಿಯರ್ ಕೊಡುತ್ತಾರೆ. ಗಂಡನ ಪ್ರಕಾರ ಇಡೀ ಪ್ರವಾಸದಲ್ಲಿ ರುಚಿಗೆ ಅದೇ ಮೊದಲು. ನಾನು ಒಂದು ಗುಟುಕು ಕುಡಿದು ನೋಡಿದೆ, ವಾದ ಮಾಡುವುದಿಲ್ಲ.

ನನಗೆ ಜಾಸ್ತಿ ಯೋಚನೆಗೆ ಹಚ್ಚಿದ್ದು ಬಾಂಬೆರ್ಗ್. ಮ್ಯೂನಿಕ್‌ನಿಂದ ವೇಗದ ರೈಲಿನಲ್ಲಿ ಸುಮಾರು ಎರಡು ಗಂಟೆ. ರೈಲಿನಲ್ಲಿ ಚಿಕ್ಕಮಕ್ಕಳ ಕಂಪಾರ್ಟ್‌ಮೆಂಟೇ ಬೇರೆ ಇರುತ್ತದೆ, ಬುಕ್ ಮಾಡುವಾಗ ಅದನ್ನೇ ಆರಿಸಿಕೊಳ್ಳಿ. ಊರು ಚಿಕ್ಕದು, ಬ್ರೂವರಿಗಳು ಒಂದರ ಪಕ್ಕ ಒಂದು. ಇಲ್ಲಿಯ ವಿಶೇಷ ಹೊಗೆ ಬಿಯರ್, ರೌಖ್‌ಬಿಯರ್. ಬೀಚ್ ಮರದ ಸೌದೆ ಉರಿಸಿ ಅದರ ಹೊಗೆಯಲ್ಲಿ ಮಾಲ್ಟ್, ಅಂದರೆ ಮೊಳಕೆ ಬರಿಸಿದ ಬಾರ್ಲಿ, ಒಣಗಿಸುತ್ತಾರೆ. ಅದಕ್ಕೆ ಹೆಸರುವಾಸಿ ಶ್ಲೆಂಕರ್ಲಾ ಅನ್ನುವ ಬ್ರೂವರಿ. ಗ್ಲಾಸು ಮೂಗಿನ ಹತ್ತಿರ ಹಿಡಿದ ಕೂಡಲೇ ನನಗೆ ಸಾಗರದ ಅಜ್ಜಿಮನೆಯ ಬಚ್ಚಲೊಲೆ ನೆನಪಾಯಿತು. ಹಬ್ಬದ ದಿನ ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡು ಆ ಹೊಗೆಯಲ್ಲಿ ಕಣ್ಣುಜ್ಜುತ್ತಾ ಕೂತ ಹಾಗೆ. ಗಂಡ ಒಂದು ಗುಟುಕು ಕುಡಿದು ಗ್ಲಾಸನ್ನೇ ನೋಡುತ್ತಾ ಕೂತ. ಹಾಲು ಕುಡಿಸುವುದು ನಿಂತ ಮೇಲೆ ನಾನು ಮೊದಲು ಕುಡಿಯುವುದು ಅದನ್ನೇ.

ಆದರೆ ಊರೊಳಗಿನ ಆ ಹಳೆಯ ಮರದ ಕೋಣೆಗಳಲ್ಲಿ ಮಗುವನ್ನು ಎದೆಗೆ ಕಟ್ಟಿಕೊಂಡು ಅರ್ಧ ಗಂಟೆ ಕೂರಬಹುದು, ಅಷ್ಟೇ. ಬೀದಿಯೆಲ್ಲ ಗುಂಡುಕಲ್ಲಿನ ಹಾಸು, ಸ್ಟ್ರೋಲರ್ ದೂಡುವುದು ಎತ್ತಿನಗಾಡಿ ಹೊಡೆದ ಹಾಗೆ. ಸಂಜೆಗೆ ಆ ಊರಿನವರು ಗುಡ್ಡದ ಮೇಲಿನ ಕೆಲ್ಲರ್‌ಗಳಿಗೆ ಹೋಗುತ್ತಾರೆ. ಕೆಲ್ಲರ್ ಅಂದರೆ ನೆಲಮಾಳಿಗೆ, ಆದರೆ ಕೂರುವುದು ಅದರ ಮೇಲಿನ ತೋಟದಲ್ಲಿ. ಅದಕ್ಕೇ ಅವರ ಮಾತಿನಲ್ಲಿ "ಕೆಲ್ಲರ್ ಒಳಗೆ" ಇಲ್ಲ, "ಕೆಲ್ಲರ್ ಮೇಲೆ" ಹೋಗೋಣ ಅನ್ನುವುದೇ ರೂಢಿ. ನಾವು ಹೋಗಿದ್ದು ಶ್ಪೆಟ್ಸಿಯಾಲ್ ಕೆಲ್ಲರ್‌ಗೆ. 1536ರಿಂದ ಇರುವ ಬ್ರೂವರಿಯ ತೋಟ ಅದು. ಕೆಳಗೆ ಇಡೀ ಊರು, ನಾಲ್ಕು ಗೋಪುರದ ಕೆಥೆಡ್ರಲ್, ಕೆಂಪು ಹೆಂಚು. ಅರ್ಧ ಲೀಟರ್‌ಗೆ ಇಲ್ಲಿ ಸೈಡ್ಲಾ ಅನ್ನುತ್ತಾರೆ. ಮ್ಯೂನಿಕ್‌ನ ಲೀಟರ್ ಮಗ್ಗಿಗಿಂತ ಇದು ಅಪ್ಪ ಅಮ್ಮಂದಿರಿಗೆ ಸರಿಯಾದ ಅಳತೆ. ಮಗು ಎದ್ದಾಗ ಅರ್ಧ ಬಿಯರ್ ಬಿಟ್ಟು ಓಡುವ ದುಃಖ ಇರುವುದಿಲ್ಲ.

ಬಾಂಬೆರ್ಗ್‌ನ ಗುಡ್ಡವಾ, ಹಿರ್ಷ್‌ಗಾರ್ಟನ್ನಾ? ಬಿಯರ್ ಮತ್ತು ನೋಟಕ್ಕೆ ಬಾಂಬೆರ್ಗ್, ಅದರಲ್ಲಿ ಅನುಮಾನ ಇಲ್ಲ. ಮಗುವಿನ ಜೊತೆ ಮೊದಲ ಸಲ ಹೋಗುವವರಿಗೆ ಹಿರ್ಷ್‌ಗಾರ್ಟನ್. ಏರು ಇಲ್ಲ, ಜಾಗ ಧಾರಾಳ, ಎಂಟು ಸಾವಿರ ಜನರ ಮಧ್ಯೆ ಒಂದು ಮಗು ಅತ್ತರೆ ಯಾರಿಗೂ ಕೇಳಿಸುವುದೇ ಇಲ್ಲ. ಗುಡ್ಡ ಹತ್ತುವಾಗ ಗಂಡ ಸ್ಟ್ರೋಲರ್ ದೂಡುತ್ತಾ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಯಾವ ಜಾಗವೇ ಆಗಲಿ, ಬೆಳಿಗ್ಗೆ ಹನ್ನೊಂದೂವರೆಗೆ ಹೋಗಿ. ಸಂಜೆ ಆರಕ್ಕೆ ಹೋದರೆ ಅದೇ ಜಾಗ ಬೇರೆ ಜಾಗ.

ಡಯಾಪರ್ ಬದಲಿಸಲು ತೋಟಗಳ ಟಾಯ್ಲೆಟ್ಟನ್ನೇ ನಂಬಬೇಡಿ. ಊರಿನ ನಡುವೆ ಇದ್ದರೆ ಡಿಎಂ ಅನ್ನುವ ಅಂಗಡಿ ಹುಡುಕಿ. ಸೋಪು, ಶಾಂಪೂ ಮಾರುವ ಅಂಗಡಿ ಅದು. ಒಳಗೆ ಮಗುವನ್ನು ಮಲಗಿಸುವ ಮೇಜು, ಪಕ್ಕದಲ್ಲಿ ಬೇರೆ ಬೇರೆ ಸೈಜಿನ ಡಯಾಪರ್ ಇಟ್ಟಿರುತ್ತಾರೆ, ಪುಕ್ಕಟೆ. ಮೊದಲ ಸಲ ನಾನು ಕೌಂಟರಿಗೆ ಹೋಗಿ ಎಷ್ಟಾಯಿತು ಅಂತ ಕೇಳಿ ನಗೆಪಾಟಲಾದೆ.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಒಂದು ಭಾನುವಾರ ಮಧ್ಯಾಹ್ನ, ಹಾಡು ಜೋರಾಗುವ ಮುಂಚೆ, ಮನೆ ಹತ್ತಿರದ ಬ್ರೂಪಬ್ಬಿಗೆ ಪುಟ್ಟಿಯ ಜೊತೆ ಹೋದೆವು. ಆರ್ಡರ್ ಕೊಟ್ಟ ಕೂಡಲೇ ನಾನು ಬಿಲ್ಲನ್ನೂ ಈಗಲೇ ತಂದುಬಿಡಿ ಅಂದೆ. ವೇಯ್ಟರ್ ಹುಡುಗ ನನ್ನ ಮುಖ, ಗಂಡನ ಮುಖ ಎರಡನ್ನೂ ನೋಡಿದ.

"ಯಾಕೆ ಮೇಡಂ, ನಮ್ಮಿಂದ ಏನಾದ್ರೂ ತಪ್ಪಾಯ್ತಾ?"