ಶಿವಮೊಗ್ಗದ ಮಳೆಗಾಲದ ಪ್ರಾಣಾಯಾಮ ತರಗತಿ: ಉಸಿರು ಬಿಡಿಸುವುದರಲ್ಲಿ ಪಳಗಿದ್ದಾರೆ, ಹಿಡಿಸುವುದರಲ್ಲಿ ಅವಸರ

ದುರ್ಗಿಗುಡಿ ಕಡೆ ಮನೆಯೊಂದರ ಮಹಡಿಯಲ್ಲಿ ಮಳೆಗಾಲದಲ್ಲಿ ನಡೆಯುವ 21 ದಿನಗಳ ತರಗತಿ ಇದು. ಬೆಳಿಗ್ಗೆ 5.30ರಿಂದ 6.45. ಶುಲ್ಕ 1,500 ರೂಪಾಯಿ. ನೇತಿ ಲೋಟ, ಕೊನೆಗೆ ಕೊಡುವ ಜೀರಿಗೆ ಕಷಾಯ ಎಲ್ಲ ಅದರಲ್ಲೇ ಬಂತು. ಫಲಕದಲ್ಲಿ ಪ್ರಾಣಶಕ್ತಿ, ಚಕ್ರ, ಧ್ಯಾನ ಎಂದು ದೊಡ್ಡ ಅಕ್ಷರದಲ್ಲಿದೆ. ಆದರೆ ಇಲ್ಲಿಯ ನಿಜವಾದ ಬಂಡವಾಳ ಮೊದಲ ಹತ್ತು ದಿನದ ಪಾಠ. ಕೊಟ್ಟ ದುಡ್ಡು ಅಷ್ಟಕ್ಕೇ ಸಾರ್ಥಕ. ಆಮೇಲಿನದ್ದರ ಬಗ್ಗೆ ತಕರಾರಿದೆ.

ಶುರುವಾಗುವುದು ಉಪ್ಪುನೀರಿನಲ್ಲಿ ಮೂಗು ತೊಳೆಯುವ ಜಲನೇತಿಯಿಂದ. ಬೂಷ್ಟು ಹಿಡಿದ ಗೋಡೆ, ವಾರವಾದರೂ ಒಣಗದ ಬಟ್ಟೆಯ ನಡುವೆ ಮಲೆನಾಡಿನಲ್ಲಿ ಮಳೆಗಾಲ ಕಳೆಯುವವರಿಗೆ ಒಂದು ಹೊಳ್ಳೆ ಕಟ್ಟಿರುವುದು ಮಾಮೂಲು. ಕಟ್ಟಿದ ಮೂಗಿನಲ್ಲಿ ನಾಡಿಶುದ್ಧಿ (ಒಂದೊಂದೇ ಹೊಳ್ಳೆಯಿಂದ ಉಸಿರಾಡುವುದು) ಮಾಡಿಸಿದರೆ ಉಸಿರಿನ ಜೊತೆ ಜಗಳವಾಗುತ್ತದೆಯೇ ಹೊರತು ಪ್ರಾಣಾಯಾಮ ಆಗುವುದಿಲ್ಲ. ಅಳತೆ ಸರಿಯಾಗಿ ಹೇಳಿಕೊಡುತ್ತಾರೆ: ಕುದಿಸಿ ಉಗುರುಬೆಚ್ಚಗಾದ ಅರ್ಧ ಲೀಟರ್ ನೀರಿಗೆ ಪುಡಿ ಉಪ್ಪು ಮುಕ್ಕಾಲು ಟೀ ಚಮಚ, ಅಂದರೆ ಲೀಟರಿಗೆ ಸುಮಾರು 9 ಗ್ರಾಂ. ರಕ್ತದ ಉಪ್ಪಿನಂಶಕ್ಕೆ ಇದು ಹೊಂದುವುದರಿಂದ ಮೂಗು ಉರಿಯುವುದಿಲ್ಲ. ಉಪ್ಪು ಕಡಿಮೆಯಾದರೂ ಹೆಚ್ಚಾದರೂ ಉರಿಯುತ್ತದೆ. ಬಾವಿಯ ನೀರು, ನಲ್ಲಿಯ ನೀರು ಕುದಿಸದೆ ಬೇಡವೇ ಬೇಡ. ಅಪರೂಪಕ್ಕಾದರೂ ಮೂಗಿನ ಮೂಲಕ ಮೆದುಳಿಗೆ ಹೋಗುವ ಅಮೀಬಾ ಜೀವ ತೆಗೆಯುತ್ತದೆ. ಹೆಚ್ಚಿನವರು ಕೆಡುವುದು ಕೊನೆಯ ಹಂತದಲ್ಲಿ. ಬಗ್ಗಿ, ಎರಡೂ ಹೊಳ್ಳೆ ತೆರೆದೇ ಇಟ್ಟು, ಮೆಲ್ಲಗೆ ಸೀದಿ ನೀರು ಪೂರ್ತಿ ಹೊರಹಾಕಬೇಕು. ಒಂದನ್ನು ಒತ್ತಿ ಜೋರಾಗಿ ಸೀದಿದರೆ ನೀರು ಕಿವಿಯ ಕಡೆ ನುಗ್ಗುತ್ತದೆ. ಹೊರಗೆ ಹಾಕದೆ ಥಂಡಿ ಗಾಳಿಯಲ್ಲಿ ಗಾಡಿ ಹತ್ತಿದರೆ ಮಧ್ಯಾಹ್ನದೊಳಗೆ ತಲೆನೋವು. ಇಲ್ಲಿ ಒಬ್ಬೊಬ್ಬರ ಪಕ್ಕ ನಿಂತು ಇದನ್ನು ಮಾಡಿಸುತ್ತಾರೆ.

ನಂತರ ವಿಭಾಗೀಯ ಉಸಿರಾಟ. ಚಿನ್ಮುದ್ರೆಯಲ್ಲಿ ಹೊಟ್ಟೆಯ ಉಸಿರು, ಚಿನ್ಮಯ ಮುದ್ರೆಯಲ್ಲಿ ಎದೆಯದು, ಆದಿ ಮುದ್ರೆಯಲ್ಲಿ ಭುಜದ ಕೆಳಗಿನದು, ಬ್ರಹ್ಮ ಮುದ್ರೆಯಲ್ಲಿ ಮೂರೂ ಸೇರಿ. ಇದಕ್ಕೆ ನಾಲ್ಕು ದಿನ ಕೊಟ್ಟಿರುವುದು ಈ ತರಗತಿಯ ದೊಡ್ಡ ಗುಣ. ಬೇರೆ ಎಷ್ಟೋ ಕಡೆ ಹತ್ತು ನಿಮಿಷದಲ್ಲಿ ಮುಗಿಸಿಬಿಡುತ್ತಾರೆ. ಉಸಿರು ತೆಗೆದುಕೊಳ್ಳುವಾಗ ಹೊಟ್ಟೆ ಒಳಗೆ ಎಳೆದುಕೊಳ್ಳುವ ಅಭ್ಯಾಸ ದೊಡ್ಡವರಲ್ಲಿ ಬಹಳ. ಅಂಗಾತ ಮಲಗಿಸಿ, ಹೊಟ್ಟೆಯ ಮೇಲೆ ಎರಡು ಕೆಜಿ ಅಕ್ಕಿಯ ಚೀಲ ಇಟ್ಟು, ಅದು ಏಳುವುದು ಇಳಿಯುವುದು ನೋಡಿಸಿದಾಗ ತಪ್ಪು ತಾನಾಗಿ ತಿದ್ದಿಕೊಳ್ಳುತ್ತದೆ.

ಕಪಾಲಭಾತಿಯನ್ನು ಪ್ರಾಣಾಯಾಮ ಎನ್ನದೆ ಶುದ್ಧಿಕ್ರಿಯೆ ಎಂದೇ ಕಲಿಸುತ್ತಾರೆ, ಅದು ಸರಿ. ಹಳೆಯ ಯೋಗಗ್ರಂಥ ಹಠಯೋಗ ಪ್ರದೀಪಿಕೆ ಅದನ್ನು ಧೌತಿ, ಬಸ್ತಿ, ನೇತಿ, ತ್ರಾಟಕ, ನೌಲಿಗಳ ಜೊತೆ ಷಟ್ಕರ್ಮಗಳಲ್ಲಿ, ಅಂದರೆ ಆರು ಶುದ್ಧಿಕ್ರಿಯೆಗಳಲ್ಲಿ, ಸೇರಿಸಿದೆ. ಎಂಟು ಕುಂಭಕಗಳ (ಉಸಿರು ಹಿಡಿಯುವ ಪ್ರಾಣಾಯಾಮಗಳ) ಪಟ್ಟಿಯಲ್ಲಿ ಅದಿಲ್ಲ. ಸುತ್ತಿಗೆ 30 ಹೊಡೆತ, ನಿಮಿಷಕ್ಕೆ 60ರ ವೇಗ, ಮೂರು ಸುತ್ತು. ಹೊಟ್ಟೆ ಒಳಗೆ ಬಡಿದು ಉಸಿರು ಹೊರಗೆ. ಒಳಗೆ ಬರುವುದು ತಾನಾಗಿ ಬರಬೇಕು. ಭುಜ ಕುಣಿದರೆ, ಮುಖ ಕಿವುಚಿದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಬಿಪಿ, ಹರ್ನಿಯಾ, ಗರ್ಭಿಣಿ, ಇತ್ತೀಚೆಗೆ ಆಪರೇಷನ್ ಆದವರನ್ನು ಮೊದಲೇ ಕೇಳಿ, ಇದನ್ನು ಮಾಡಿಸದೆ ಸುಮ್ಮನೆ ಕೂರಿಸುತ್ತಾರೆ. ಆಷಾಢದ ಥಂಡಿಯಲ್ಲಿ ಮೈ ತಂಪು ಮಾಡುವ ಶೀತಲಿ, ಸೀತ್ಕಾರಿ ಬಿಟ್ಟು ಬಿಸಿ ಹುಟ್ಟಿಸುವ ಸೂರ್ಯಭೇದನ ಇಟ್ಟಿರುವುದೂ ತಿಳಿದವರ ಕೆಲಸ.

ನಾಡಿಶುದ್ಧಿಯಲ್ಲಿ ತೋರುಬೆರಳು, ನಡುಬೆರಳು ಮಡಚಿ, ಹೆಬ್ಬೆರಳಿನಿಂದ ಬಲ ಹೊಳ್ಳೆ, ಉಂಗುರ ಬೆರಳಿನಿಂದ ಎಡ ಹೊಳ್ಳೆ. ಎಡದಿಂದ ಒಳಗೆ, ಬಲದಿಂದ ಹೊರಗೆ, ಬಲದಿಂದ ಒಳಗೆ, ಎಡದಿಂದ ಹೊರಗೆ: ಒಂದು ಆವರ್ತ. ಅಂಥ ಒಂಬತ್ತು. ಎಣಿಕೆ (ಒಳಗೆ:ಹೊರಗೆ) 4:4ರಿಂದ ಶುರುವಾಗಿ 4:6, ಆಮೇಲೆ 4:8. ಬಿಡುವ ಉಸಿರು ಉದ್ದವಾದಷ್ಟೂ ಎದೆಬಡಿತ ನಿಧಾನವಾಗುತ್ತದೆ, ಧ್ಯಾನಕ್ಕೆ ಬೇಕಾದ ನೆಲ ಸಿದ್ಧವಾಗುವುದು ಅಲ್ಲೇ. ಕೊರತೆ ಒಂದೇ. ಇಡೀ ಹಾಲಿಗೆ ಒಂದೇ ಚಪ್ಪಾಳೆಯ ಎಣಿಕೆ. ಎಪ್ಪತ್ತರ ಅಜ್ಜಿಗೂ ಕಾಲೇಜು ಹುಡುಗನಿಗೂ ಒಂದೇ ಲೆಕ್ಕ ಹೊಂದುವುದಿಲ್ಲ. ಉಸಿರು ಬಿಟ್ಟು ಮುಗಿಸಿದ ಮೇಲೆ ಮುಂದಿನದಕ್ಕೆ ಬಾಯಿ ಬಿಡುವಂತಾದರೆ ನಿಮ್ಮ ಎಣಿಕೆ ನೀವೇ ಇಳಿಸಿಕೊಳ್ಳಿ.

ಇನ್ನು ಮೂರನೇ ವಾರ. ಏಕಾಏಕಿ 4:16:8 (ಒಳಗೆ:ಹಿಡಿತ:ಹೊರಗೆ), ಜೊತೆಗೆ ಜಾಲಂಧರ ಬಂಧ (ಗದ್ದ ಎದೆಗೆ ಒತ್ತುವುದು), ಮೂಲಬಂಧ (ಗುದದ ಭಾಗ ಬಿಗಿಹಿಡಿಯುವುದು). ಇದು ತಿಂಗಳುಗಟ್ಟಲೆ ಅಭ್ಯಾಸದ ಮೇಲೆ ಬರಬೇಕಾದ ಅಳತೆ. ಸಿಂಹ, ಆನೆ, ಹುಲಿಗಳನ್ನು ಪಳಗಿಸುವಂತೆ ಮೆಲ್ಲಮೆಲ್ಲನೆ ವಾಯುವನ್ನು ವಶಮಾಡಿಕೊಳ್ಳಬೇಕು, ಇಲ್ಲದಿದ್ದರೆ ಸಾಧಕನಿಗೇ ಹಾನಿ ಎಂದು ಹಠಯೋಗ ಪ್ರದೀಪಿಕೆಯ ಎರಡನೆಯ ಅಧ್ಯಾಯವೇ ಎಚ್ಚರಿಸುತ್ತದೆ. ಹಿಡಿದಿದ್ದು ಜಾಸ್ತಿಯಾಯಿತೋ ಇಲ್ಲವೋ ಎಂಬುದನ್ನು ಬಿಡುವ ಉಸಿರು ಹೇಳುತ್ತದೆ: ಎಂಟು ಎಣಿಕೆಯವರೆಗೆ ಒಂದೇ ಸಮ ಹರಿಯದೆ ಭುಸ್ಸೆಂದು ನುಗ್ಗಿದರೆ ಕುಂಭಕ ಕಡಿಮೆ ಮಾಡಬೇಕು. 4:4:8ರಲ್ಲಿ ಒಂದು ತಿಂಗಳು, ಅದು ಸಲೀಸಾದರೆ 4:8:8. ಬಿಪಿ, ಹೃದಯದ ತೊಂದರೆ, ಗ್ಲಾಕೋಮಾ ಇರುವವರು ಉಸಿರು ಹಿಡಿಯುವುದೇ ಬೇಡ.

ಇದಕ್ಕಿಂತ ಗಂಭೀರವಾದದ್ದು ಭಸ್ತ್ರಿಕಾ ಪಾಠ, ಅಂದರೆ ತಿದಿಯಂತೆ ರಭಸದಿಂದ ಉಸಿರು ಎಳೆದು ಬಿಡುವುದು. ಜೋರು ಭಸ್ತ್ರಿಕಾ ಆದ ಮೇಲೆ ಬೆರಳು, ತುಟಿ ಜುಮ್ಮೆನ್ನುತ್ತವೆ, ತಲೆ ಹಗುರಾಗುತ್ತದೆ. "ಶಕ್ತಿ ಏಳ್ತಾ ಇದೆ, ಬಿಡಬೇಡಿ" ಎಂದು ಹುರಿದುಂಬಿಸುತ್ತಾರೆ. ಅದು ಕುಂಡಲಿನಿ ಅಲ್ಲ. ಅತಿಯಾಗಿ ಉಸಿರಾಡಿ ರಕ್ತದ ಕಾರ್ಬನ್ ಡೈಆಕ್ಸೈಡ್ ಇಳಿದಾಗ ಯಾರಿಗೂ ಆಗುವುದು. ಮುಂದುವರಿಸಿದರೆ ಬೆರಳು ಸೆಟೆದುಕೊಳ್ಳುತ್ತವೆ, ಬಿದ್ದುಬಿಡಲೂಬಹುದು. ಅಂಥ ಹೊತ್ತಲ್ಲಿ ನಿಲ್ಲಿಸಿ ಸಹಜ ಉಸಿರಿಗೆ ಬರಬೇಕು, ಇನ್ನಷ್ಟು ಆಳಕ್ಕೆ ಎಳೆಯಬಾರದು. ಪ್ರಾಣದ ಅಭ್ಯಾಸ ಕೈಹಿಡಿದಿದೆ ಎಂಬುದಕ್ಕೆ ಗುರುತು ಬಹಳ ಶಾಂತವಾದದ್ದು: ಆವರ್ತ ಮುಗಿದ ಮೇಲೆ ಉಸಿರು ಸಣ್ಣಗಾಗಿ ತಾನಾಗಿಯೇ ಕ್ಷಣಕಾಲ ನಿಲ್ಲುತ್ತದೆ, ಮುಚ್ಚಿದ ಕಣ್ಣೊಳಗೆ ದೃಷ್ಟಿ ಓಡಾಡುವುದಿಲ್ಲ, ತೂಕಡಿಕೆಯೂ ಇರುವುದಿಲ್ಲ.

ಧ್ಯಾನಕ್ಕೆ ಹದಿನೈದು ನಿಮಿಷ. ಅದಕ್ಕೆ ಮುಂಚಿನ ಭ್ರಾಮರಿ ಚೆನ್ನಾಗಿದೆ: ತುಟಿ ಮುಚ್ಚಿ, ಹಲ್ಲು ಬಿಡಿಸಿ, ಮ್ ಎಂಬ ನಾದ ಏಳು ಸಲ. ಅದರ ಬೆನ್ನಿಗೆ ಸುಮ್ಮನೆ ಬಿಟ್ಟಿದ್ದರೆ ಸಾಕಿತ್ತು. ಸ್ಪೀಕರಿನಲ್ಲಿ ಕೊಳಲು ಹಾಕಿ, ಮೂಲಾಧಾರಕ್ಕೆ ಕೆಂಪು, ಸ್ವಾಧಿಷ್ಠಾನಕ್ಕೆ ಕಿತ್ತಳೆ ಎಂದು ಮಳೆಬಿಲ್ಲಿನ ಬಣ್ಣ ಕಲ್ಪಿಸಿಕೊಳ್ಳಲು ಹೇಳುತ್ತಾರೆ. ಆ ಬಣ್ಣಗಳ ಸಾಲು ಇಪ್ಪತ್ತನೇ ಶತಮಾನದಲ್ಲಿ ಪಶ್ಚಿಮದಿಂದ ಬಂದದ್ದು. ತಂತ್ರದ ಸಂಪ್ರದಾಯದಲ್ಲಿ ಚಕ್ರಕ್ಕೊಂದು ತತ್ತ್ವ: ಮೂಲಾಧಾರದ ಪೃಥ್ವಿಗೆ ಹಳದಿ ಚೌಕ, ಬೀಜಮಂತ್ರ ಲಂ. ಸ್ವಾಧಿಷ್ಠಾನದ ಜಲಕ್ಕೆ ಬಿಳಿಯ ಅರ್ಧಚಂದ್ರ, ವಂ. ಮಣಿಪೂರದ ಅಗ್ನಿಗೆ ಕೆಂಪು ತ್ರಿಕೋನ, ರಂ. ಚಕ್ರಧ್ಯಾನ ಮಾಡಿಸುವುದೇ ಆದರೆ ಇದನ್ನೇ ಕಲಿಸಲಿ. ಹೊಸಬರಿಗಂತೂ ಹೊಳ್ಳೆಯ ಅಂಚಿಗೆ ಗಾಳಿ ತಾಗುವ ಜಾಗದಲ್ಲಿ ಗಮನ ಇಟ್ಟರೆ ಸಾಕು.

ಹಾಲಿನ ವಿಷಯ: ಕೆಂಪು ಗಾರೆ ನೆಲ ಮಳೆಗಾಲದಲ್ಲಿ ಕೊರೆಯುತ್ತದೆ, ಅವರ ಮ್ಯಾಟ್ ತೆಳು, ಮನೆಯಿಂದ ಕಂಬಳಿ ತನ್ನಿ. ಎರಚಲಿಗೆ ಕಿಟಕಿ ಮುಚ್ಚಿ ಒಳಗೆ ಸಾಂಬ್ರಾಣಿ ಹಾಕುವುದನ್ನು ನಿಲ್ಲಿಸಲೇಬೇಕು. ಉಬ್ಬಸ ಇರುವವರು ಬಾಗಿಲ ಹತ್ತಿರ ಕೂರಿ, ಇನ್ಹೇಲರ್ ಜೇಬಿನಲ್ಲಿರಲಿ. ಬರುವ ಮುಂಚೆ ಕಾಫಿ ಕುಡಿಯಲೇಬೇಕಿದ್ದರೆ ಅರ್ಧ ಗಂಟೆ ಅಂತರ ಬಿಡಿ. ಸೇರುವಾಗಲೇ "ಕುಂಭಕ, ಜೋರು ಭಸ್ತ್ರಿಕಾ ನನಗೆ ಬೇಡ" ಎಂದು ಹೇಳಿದರೆ ಒತ್ತಾಯಿಸುವುದಿಲ್ಲ, ಆ ಹೊತ್ತಿನಲ್ಲಿ ನಾಡಿಶುದ್ಧಿ ಮುಂದುವರಿಸಲು ಬಿಡುತ್ತಾರೆ. ಮಂಡಿನೋವಿನವರಿಗೆ ಕುರ್ಚಿ ಇದೆ. ಇರುವುದು ನಾಲ್ಕೇ, ಮೊದಲ ದಿನವೇ ಹೇಳಿಡಿ.