ಪ್ಲಾಸ್ಟರ್ ರೂಮಿನ ಹೊರಗೆ ಟೇಪ್ ಹಿಡಿದು ನಿಂತವರಿಂದ ಮಗುವಿನ ಬ್ರೇಸ್ ತಗೋಬೇಡಿ

ಕ್ಲಬ್‌ಫುಟ್ (ಹುಟ್ಟುವಾಗಲೇ ಪಾದ ಒಳಕ್ಕೆ ತಿರುಗಿರುವುದು) ಇರುವ ಮಗುವಿನ ಅಪ್ಪ ಅಮ್ಮ ಯಾರಾದರೂ ಇದ್ದರೆ ದಯವಿಟ್ಟು ಪೂರ್ತಿ ಓದಿ. ಬಿಲ್ ಕೊಡದೆ, ಅಂಗಡಿ ಎಲ್ಲಿ ಅಂತಲೂ ಹೇಳದೆ ಬ್ರೇಸ್ (ಪಾದ ನೇರ ಇಡುವ ಶೂ) ಮಾರುವವರಿಗೆ ಒಂದು ರೂಪಾಯಿ ಅಡ್ವಾನ್ಸ್ ಕೊಡಬೇಡಿ. ನಮ್ಮ ಹತ್ತಿರ ₹6,500 ತಗೊಂಡು ಬೇರೆ ಯಾವುದೋ ಮಗು ಹಾಕಿ ಬಿಟ್ಟ ಶೂ ಕೊಟ್ಟಿದ್ದಾರೆ. ಹೊಸದು ಅಂತ. "ನಿಮ್ಮ ಪಾಪುಗೆ ಅಂತಲೇ ಮಾಡಿಸಿದ್ದು ಅಕ್ಕಾ" ಅಂತ.

ನನ್ನ ಮಗನಿಗೆ ಹುಟ್ಟುವಾಗಲೇ ಬಲಪಾದ ಒಳಕ್ಕೆ ತಿರುಗಿತ್ತು. (ಗ್ರಹಣದಲ್ಲಿ ಹೊರಗೆ ಬಂದಿದ್ದೆ, ಅದಕ್ಕೇ ಹೀಗಾಯ್ತು ಅಂತ ನೆಂಟರು ಆಡಿದ ಮಾತುಗಳು ಇಲ್ಲಿ ಬೇಡ ಬಿಡಿ.) ಪೊನ್ಸೆಟಿ ವಿಧಾನದಲ್ಲಿ ಚಿಕಿತ್ಸೆ ಆಯಿತು. ವಾರ ವಾರ ಪ್ಲಾಸ್ಟರ್ ಬದಲಾಯಿಸಿ ಪಾದವನ್ನು ನಿಧಾನಕ್ಕೆ ನೇರ ಮಾಡಿದರು. ಹಿಮ್ಮಡಿ ಮೇಲಿನ ಬಿಗಿಯಾದ ಸ್ನಾಯುರಜ್ಜುವನ್ನು (ಟೆಂಡನ್) ಕೊಯ್ದು, ಮೂರು ವಾರ ಇಡುವ ಕೊನೆಯ ಪ್ಲಾಸ್ಟರ್ ಹಾಕಿದರು. ಡಾಕ್ಟರ ಕೆಲಸದ ಬಗ್ಗೆ ನನಗೆ ಚೂರೂ ದೂರಿಲ್ಲ.

ಪ್ಲಾಸ್ಟರ್ ಬಿಚ್ಚಿದ ದಿನವೇ ಬ್ರೇಸ್ ಹಾಕಬೇಕು. ಎರಡು ಶೂ, ನಡುವೆ ಒಂದು ಕಂಬಿ. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ. ಆಮೇಲೆ ರಾತ್ರಿ ಮತ್ತು ಮಗು ಮಲಗಿದಾಗ, ನಾಲ್ಕೈದು ವರ್ಷದವರೆಗೆ. ಬ್ರೇಸ್ ಬಿಟ್ಟರೆ ಪಾದ ಮತ್ತೆ ತಿರುಗುತ್ತದೆ. ಈ ಹೆದರಿಕೆಯೇ ಇವರಿಗೆ ಬಂಡವಾಳ.

ಡಾಕ್ಟರ್ ಬರೆದ ಚೀಟಿ ಹಿಡಿದು ಹೊರಗೆ ಬಂದೆವೋ ಇಲ್ಲವೋ, ಒಬ್ಬ ಮನುಷ್ಯ ಹಾಜರ್. ಕುತ್ತಿಗೆಯಲ್ಲಿ ಟ್ಯಾಗ್, ಕೈಯಲ್ಲಿ ಟೇಪ್. ಆಸ್ಪತ್ರೆಯವನೇ ಅಂದುಕೊಳ್ಳದೆ ಇನ್ನೇನು ಅಂದುಕೊಳ್ಳುತ್ತೀರಿ? ಬಲಗಾಲು ಇನ್ನೂ ಪ್ಲಾಸ್ಟರಿನಲ್ಲಿತ್ತು. ಎಡಗಾಲಿಗೆ ಮಾತ್ರ ಟೇಪ್ ಇಟ್ಟ. ಇನ್ನೊಂದು ಕಾಲು ಅಂತ ನಮ್ಮ ಯಜಮಾನರು ಕೇಳಿದರೆ "ಎರಡೂ ಒಂದೇ ಸೈಜ್ ಸರ್, ದಿನಾ ಇದೇ ಕೆಲಸ ನಂದು" ಅಂದ. ಸುಳ್ಳು. ಕ್ಲಬ್‌ಫುಟ್ ಪಾದ ಸಾಮಾನ್ಯವಾಗಿ ಇನ್ನೊಂದಕ್ಕಿಂತ ಚಿಕ್ಕದೇ ಇರುತ್ತದೆ. ದಿನಾ ಇದೇ ಕೆಲಸ ಮಾಡುವವನಿಗೆ ಇದು ಗೊತ್ತಿಲ್ವಾ?

ಹೇಳಿದ ದಿನ ಬ್ರೇಸ್ ಬರಲಿಲ್ಲ. ಪ್ಲಾಸ್ಟರ್ ಬಿಚ್ಚಿಸಿಕೊಂಡು ಕೂತಿದ್ದೇವೆ, ಫೋನ್ ಮಾಡಿದರೆ "ದಾರೀಲಿದೆ ಅಕ್ಕಾ". ಮಧ್ಯಾಹ್ನವೂ ದಾರಿಯಲ್ಲೇ ಇತ್ತು. ಸಂಜೆಯೂ ದಾರಿಯಲ್ಲೇ. ಡಾಕ್ಟರ್ ನಮಗೇ ಬೈದು, ಪಾದ ತಿರುಗದಿರಲಿ ಅಂತ ಮತ್ತೊಂದು ಪ್ಲಾಸ್ಟರ್ ಹಾಕಿ ಕಳಿಸಿದರು. ಸಾಲಿನಲ್ಲಿ ಕೂತವರೆಲ್ಲ ನಮ್ಮನ್ನೇ ನೋಡುತ್ತಿದ್ದರು.

ಕೊನೆಗೂ ಬ್ರೇಸ್ ಬಂತು. ಶೂ ಹಿಂಭಾಗದಲ್ಲಿ ಒಂದು ತೂತು ಇರುತ್ತದೆ, ಹಿಮ್ಮಡಿ ಕೆಳಗೆ ಕೂತಿದೆಯಾ ಅಂತ ನೋಡೋಕೆ. ನಮ್ಮದರಲ್ಲಿ ಬಲಗಾಲಿನ ಹಿಮ್ಮಡಿ ಆ ತೂತಿಗಿಂತ ಮೇಲೆಯೇ ನಿಲ್ಲುತ್ತಿತ್ತು. ಬೆಲ್ಟ್ ಎಷ್ಟು ಬಿಗಿದರೂ ಕಾಲು ಜಾರಿ ಹೊರಗೆ. ಮಗು ರಾತ್ರಿಯಿಡೀ ಅಳು. ಬೆಳಿಗ್ಗೆ ಕಾಲುಚೀಲ ತೆಗೆದರೆ ಹಿಮ್ಮಡಿ ಕೆಂಪಾಗಿ ಬೊಬ್ಬೆ ಎದ್ದಿತ್ತು.

ಫೋಟೋ ಕಳಿಸಿದೆ. ಉತ್ತರಗಳನ್ನು ಹಾಗೇ ಹಾಕುತ್ತೇನೆ, ನೋಡಿ.
"ಮಕ್ಕಳು ಅಳ್ತಾರೆ ಮೇಡಂ, ಅಭ್ಯಾಸ ಆಗುತ್ತೆ."
"ಹತ್ತಿ ಇಟ್ಟು ಹಾಕಿ."
"ಸ್ವಲ್ಪ ದೊಡ್ಡದೇ ಕೊಟ್ಟಿದ್ದೀವಿ, ಪಾಪು ಬೆಳೆಯುತ್ತಲ್ವಾ?"
ಬೆಳೆಯುತ್ತಲ್ವಾ ಅಂತೆ! ಯುಗಾದಿಗೆ ಕೊಳ್ಳುವ ಅಂಗಿನಾ ಇದು?

ಅವತ್ತು ಮಧ್ಯಾಹ್ನ ಶೂ ಒಣಗಿಸೋಣ ಅಂತ ಒಳಗಿನ ಮೆತ್ತೆ ಎಳೆದೆ. ಅದರ ಅಡಿಯಲ್ಲಿ ಮಾರ್ಕರ್ ಪೆನ್ನಿನ ಬರಹ. ಸ್ಪಿರಿಟ್ ಹಾಕಿ ಉಜ್ಜಿದ್ದಾರೆ, ನೀಲಿ ಬಣ್ಣ ಸುತ್ತ ಹರಡಿದೆ, ಆದರೂ ಮೊದಲ ಅಕ್ಷರ 'ಶ್ರೀ' ಚೆನ್ನಾಗಿ ಕಾಣುತ್ತಿತ್ತು. ನನ್ನ ಮಗನ ಹೆಸರಿನಲ್ಲಿ ಶ್ರೀ ಇಲ್ಲ. ಮೆತ್ತೆಯಲ್ಲಿ ಐದು ಬೆರಳಿನ ಗುಳಿ ಬೇರೆ, ನನ್ನ ಮಗನ ಪಾದಕ್ಕಿಂತ ಉದ್ದಕ್ಕೆ. ಮೈ ಉರಿದು ಹೋಯಿತು. ಯಾವುದೋ ಕೂಸು ತಿಂಗಳುಗಟ್ಟಲೆ ಹಾಕಿದ್ದನ್ನು ಪಾಲಿಶ್ ಮಾಡಿ, ಹೊಸ ಪಟ್ಟಿ ಹೊಲಿದು, ಅಳತೆ ತಗೊಂಡ ನಾಟಕ ಆಡಿ ನಮಗೆ ಮಾರಿದ್ದಾರೆ. ಹಳೇದನ್ನು ಹಳೇದು ಅಂತ ಹೇಳಿ, ಸೈಜ್ ನೋಡಿ ಕೊಟ್ಟಿದ್ದರೆ ನನಗೇನೂ ಬೇಜಾರಿರಲಿಲ್ಲ. ನಾನೇ ತಗೊಳ್ಳುತ್ತಿದ್ದೆ.

ಹೆಸರಿನ ಫೋಟೋ ಕಳಿಸಿದ್ದಕ್ಕೆ ಬಂದ ಉತ್ತರ: "ಅದು ಕಂಪನಿ ಮಾರ್ಕ್." ಶ್ರೀ ಅಂತ ಪೆನ್ನಲ್ಲಿ ಬರೆಯೋ ಕಂಪನಿ ಯಾವುದಪ್ಪಾ? ದುಡ್ಡು ವಾಪಸ್ ಕೊಡಿ ಅಂದೆ. "ಒಮ್ಮೆ ಹಾಕಿದ ಶೂ ವಾಪಸ್ ತಗೊಳ್ಳಲ್ಲ ಮೇಡಂ, ಹೈಜೀನ್ ಪ್ರಾಬ್ಲಂ." ಈ ಮಾತು ಹೇಳಿದ್ದು ಯಾರು ನೋಡಿ. ಒಮ್ಮೆ ಹಾಕಿದ ಶೂವನ್ನೇ ನಮಗೆ ಮಾರಿದವರು! ಆಮೇಲೆ ನಂಬರ್ ಬ್ಲಾಕ್. ಬಿಲ್ ಇಲ್ಲ, 'ಶೂ 1' ಅಂತ ಬರೆದ ತುಂಡು ಕಾಗದ ಅಷ್ಟೇ.

ಬ್ರೇಸನ್ನು ಡಾಕ್ಟರಿಗೆ ತೋರಿಸಿದಾಗ ಇನ್ನೊಂದು ವಿಷಯ ಹೊರಗೆ ಬಂತು. ತೊಂದರೆ ಇರುವ ಪಾದ 60ರಿಂದ 70 ಡಿಗ್ರಿ ಹೊರಕ್ಕೆ, ಸರಿ ಇರುವ ಪಾದ 30ರಿಂದ 40 ಡಿಗ್ರಿ ಹೊರಕ್ಕೆ ಇರಬೇಕು. ನಮ್ಮದರಲ್ಲಿ ಎರಡನ್ನೂ ಒಂದೇ ಥರ 40ಕ್ಕೆ ಬಿಗಿದಿದ್ದರು. ಚೀಟಿಯಲ್ಲಿ ಬೇರೆ ಬೇರೆ ಅಂತ ಸ್ಪಷ್ಟವಾಗಿ ಬರೆದಿತ್ತು. ಓದಿಯೇ ಇಲ್ಲ.

ಜಾಸ್ತಿ ಹೊಟ್ಟೆ ಉರಿಸಿದ್ದು ಇದು: ಕ್ಲಬ್‌ಫುಟ್ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲೇ ಇದೆ. 2013ರಲ್ಲಿ ಶುರುವಾದ ಯೋಜನೆ, ಹುಟ್ಟಿದ ಮಗುವಿನಿಂದ 18 ವರ್ಷದವರೆಗೆ ಉಚಿತ ಚಿಕಿತ್ಸೆ. ಆಶಾ ಕಾರ್ಯಕರ್ತೆಯನ್ನೋ ಜಿಲ್ಲಾಸ್ಪತ್ರೆಯನ್ನೋ ಕೇಳಿ, ಆರ್‌ಬಿಎಸ್‌ಕೆ ಅಂದರೆ ಗೊತ್ತಾಗುತ್ತದೆ. ಬ್ರೇಸ್ ಕೂಡ ಅಲ್ಲೇ ಸಿಗುತ್ತದಾ ಅಂತ ಮೊದಲು ವಿಚಾರಿಸಿ. ಆ ಟೇಪಿನವನು ಇದನ್ನು ಬಾಯಿ ಬಿಡುತ್ತಾನಾ?

ಹೊರಗೇ ಕೊಳ್ಳಬೇಕಾಗಿ ಬಂದರೆ ಎರಡೂ ಪಾದ ಅಳೆಸಿ. ಡಾಕ್ಟರ ಮುಂದೆ ಹಾಕಿಸಿ, ಹಿಮ್ಮಡಿ ಕೂತ ಮೇಲೆಯೇ ದುಡ್ಡು ಕೊಡಿ. ಒಳಗಿನ ಮೆತ್ತೆ ಎತ್ತಿ ನೋಡಿ. ಬೊಬ್ಬೆ ಬಂದರೆ ಅವನಿಗೆ ಫೋನ್ ಮಾಡುತ್ತಾ ಕೂರಬೇಡಿ, ನೀವೇ ಬ್ರೇಸ್ ಬಿಚ್ಚಿ ಮೂಲೆಗೂ ಇಡಬೇಡಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಬಿಲ್ ಕೊಡದಿರುವುದೇ 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ಅನುಚಿತ ವ್ಯಾಪಾರ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ, ಚಾಟ್ ಎಲ್ಲ ಉಳಿಸಿಕೊಂಡಿದ್ದೇನೆ. ಓದಿದವಳು ಹೀಗೆ ಮೋಸ ಹೋದಳಲ್ಲ ಅಂತ ನಮ್ಮ ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಹೇಳಲಿ. ಅವನಿಂದ ದುಡ್ಡು ಬಂದರೆ ನಾನೂ ಅಷ್ಟೇ ಜೋರಾಗಿ ಹೇಳಿಕೊಂಡು ಬರುತ್ತೇನೆ.