ಮನೆಯ ಬಿಪಿ ಮಷಿನ್: ದುಡ್ಡು ಕೊಡುವ ಮೊದಲು ತೋಳು ಅಳೆಯಿರಿ

ಅರವತ್ತು ದಾಟಿದವರು ಇರುವ ಮನೆಗೆ ಬಿಪಿ ಮಷಿನ್ ಬೇಕಾ ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ, ಬೇಕು. ಅದರಲ್ಲೂ ನಮ್ಮ ಕೊಡಗಿನ ತೋಟದ ಮನೆಗಳಿಗೆ ಬೇಕೇ ಬೇಕು. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಬಂದ್ ಆದರೆ ಬಿಪಿ ನೋಡಿಸೋಕೆ ಅಂತ ಯಾರು ಪೇಟೆಗೆ ಹೋಗುತ್ತಾರೆ? ಆದರೆ ಆಫರ್‌ನಲ್ಲಿ ಬಂತು ಅಂತ ಯಾವುದೋ ಒಂದನ್ನು ತಂದು ಶೋಕೇಸಿನಲ್ಲಿ ಇಡುವುದಾದರೆ ಬೇಡ. ಆ ದುಡ್ಡಿಗೆ ಒಳ್ಳೆಯ ಕೊಡೆಯಾದರೂ ಬರುತ್ತದೆ.

ನಮ್ಮಲ್ಲಿರುವುದು ಮೇಲ್ತೋಳಿಗೆ ಕಟ್ಟುವ ಸಾದಾ ಮಾಡೆಲ್. ಒಂದು ದೊಡ್ಡ ಬಟನ್. ಒತ್ತಿದರೆ ತಾನೇ ಗಾಳಿ ತುಂಬಿಕೊಂಡು, ತಾನೇ ಬಿಟ್ಟು, ಮೂರು ಅಂಕಿ ತೋರಿಸುತ್ತದೆ: ಮೇಲಿನ ಬಿಪಿ, ಕೆಳಗಿನ ಬಿಪಿ, ನಾಡಿ ಬಡಿತ. ಸೋಮವಾರಪೇಟೆಯ ಮೆಡಿಕಲ್ ಶಾಪಿನಲ್ಲಿ 2,000 ರೂಪಾಯಿ ಆಸುಪಾಸು ಆಯಿತು. ಹೆಸರಿರುವ ಕಂಪನಿಗಳೆಲ್ಲ ಇಂಥದ್ದೊಂದನ್ನು ಮಾಡುತ್ತವೆ, ಹಾಗಾಗಿ ಕಂಪನಿ ಜಗಳ ಇಲ್ಲಿ ಬೇಡ. ಸ್ಟ್ರೈಡ್ ಬಿಪಿ ಅಂತ ಒಂದು ವೆಬ್‌ಸೈಟ್ ಇದೆ, ಅದರಲ್ಲಿ ನಿಖರತೆಯ ಪರೀಕ್ಷೆ ಪಾಸಾದ ಮಾಡೆಲ್‌ಗಳ ಪಟ್ಟಿ ಸಿಗುತ್ತದೆ. ಕೊಳ್ಳುವ ಮೊದಲು ಮಕ್ಕಳ ಹತ್ತಿರ ಹೇಳಿ ಅದರಲ್ಲಿ ಇದೆಯಾ ಅಂತ ನೋಡಿಸಿ. ಬ್ಲೂಟೂತ್, ಆ್ಯಪ್, ಬಣ್ಣದ ಗ್ರಾಫ್ ಇರುವುದಕ್ಕೆ ಜಾಸ್ತಿ ಕೊಡಬೇಕಿಲ್ಲ. ಎರಡು ರೂಲ್ಡ್ ಹಾಳೆ, ಒಂದು ಪೆನ್ನು ಸಾಕು.

ಇದಕ್ಕೆ ಮೊದಲು ಮಗ ಬೆಂಗಳೂರಿನಿಂದ ಮಣಿಕಟ್ಟಿಗೆ ಕಟ್ಟುವಂಥದ್ದು ಕಳಿಸಿದ್ದ. ನೋಡೋಕೆ ಚೆಂದ, ವಾಚಿನ ಹಾಗೆ. ಆದರೆ ಮಣಿಕಟ್ಟಿನದು ಸರಿಯಾಗಿ ತೋರಿಸಬೇಕಾದರೆ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಅಲುಗಾಡದೆ ಹಿಡಿದಿರಬೇಕು. ಕೈ ಎದೆಗಿಂತ ಹತ್ತು ಸೆಂಟಿಮೀಟರ್ ಕೆಳಗಿದ್ದರೂ ಬಿಪಿ 7-8 ಪಾಯಿಂಟ್ ಜಾಸ್ತಿ ಬರುತ್ತದೆ. ಕೈ ನಡುಗುವ ವಯಸ್ಸಿನವರಿಗೆ ಇದೆಲ್ಲ ಆಗುವ ಮಾತಾ? ಅದೀಗ ಮೊಮ್ಮಗಳ ಡಾಕ್ಟರ್ ಆಟದ ಸಾಮಾನು.

ಈಗ ಮುಖ್ಯ ವಿಷಯ, ಪಟ್ಟಿ. ತೋಳಿಗೆ ಸುತ್ತುವ ಆ ಬಟ್ಟೆಯ ಪಟ್ಟಿಯನ್ನು ಅಂಗಡಿಯವರು ಕಫ್ ಅನ್ನುತ್ತಾರೆ. ಮಷಿನ್ ಜೊತೆ ಸಾಮಾನ್ಯವಾಗಿ ಬರುವುದು 22ರಿಂದ 32 ಸೆಂಟಿಮೀಟರ್ ತೋಳಿನದು. ನನ್ನ ತೋಳಿಗೆ ಅದು ಸರಿ ಆಗುತ್ತದೆ. ನಮ್ಮನೆಯವರದು ಹಾಗಲ್ಲ. ಎಪ್ಪತ್ತು ಹತ್ತಿರ ಬಂದರೂ ಗಿಡದ ರೆಂಬೆ ಸವರುವ ಕಪಾತು ಸಮಯದಲ್ಲಿ ಆಳುಗಳ ಜೊತೆ ತಾವೂ ನಿಲ್ಲುವ ಮನುಷ್ಯ, ಟೈಲರ್ ಟೇಪಿನಲ್ಲಿ ಅಳೆದರೆ ತೋಳು 35. ಆ ಸಣ್ಣ ಪಟ್ಟಿಯನ್ನೇ ಎಳೆದು ಕಟ್ಟಿದರೆ ವೆಲ್ಕ್ರೋ ಅರ್ಧ ಮಾತ್ರ ಅಂಟುತ್ತಿತ್ತು. ಗಾಳಿ ತುಂಬುವಾಗ ಪರ್ರ್ ಅಂತ ಬಿಚ್ಚಿಕೊಂಡು ಮೇಜಿನ ಮೇಲೆ ಬೀಳುತ್ತಿತ್ತು. ಬಿಚ್ಚಿಕೊಳ್ಳದೆ ನಿಂತ ದಿನ ಮೇಲಿನ ಅಂಕಿ 148, 150.

ಪಟ್ಟಿ ತೋಳಿಗಿಂತ ಚಿಕ್ಕದಾದರೆ ಬಿಪಿ ಇಲ್ಲದ್ದೂ ಇದೆ ಅಂತ ತೋರಿಸುತ್ತದೆ. ತುಂಬಾ ದೊಡ್ಡದಾದರೆ ಇರುವುದನ್ನೂ ಕಮ್ಮಿ ತೋರಿಸುತ್ತದೆ. 22ರಿಂದ 42ರವರೆಗೆ ಹಿಡಿಯುವ ದೊಡ್ಡ ಪಟ್ಟಿ ಬೇರೆಯಾಗಿ ಸಿಗುತ್ತದೆ, ಅದೇ ಕಂಪನಿಯದ್ದೇ ಆಗಬೇಕು. ತಂದು ಕಟ್ಟಿದ ಮೇಲೆ ಮೇಲಿನ ಅಂಕಿ 140ರ ಒಳಗೆ ಬಂತು. ಮನುಷ್ಯ ಅದೇ, ತೋಳು ಅದೇ, ಮಾತ್ರೆನೂ ಅದೇ! ನಾವು ಮಷಿನ್ ತಂದ ಅಂಗಡಿಯಲ್ಲಿ ತೋಳಿನ ಅಳತೆ ಯಾರೂ ಕೇಳಲಿಲ್ಲ, ಪಟ್ಟಿ ಬದಲಾಯಿಸಿ ಕೊಡಿ ಅಂದರೆ ಬಾಕ್ಸ್ ಒಡೆದಾಗಿದೆ ಅಂದರು. ಚಪ್ಪಲಿ ಅಂಗಡಿಯಲ್ಲೂ ನಂಬರ್ ಕೇಳುತ್ತಾರಲ್ಲ. ಹಾಗಾಗಿ ಹೋಗುವ ಮೊದಲು ಮನೆಯಲ್ಲೇ ಅಳೆದುಕೊಳ್ಳಿ. ಭುಜದ ಮೂಳೆಯಿಂದ ಮೊಣಕೈವರೆಗಿನ ಜಾಗದ ಸರಿ ಮಧ್ಯದಲ್ಲಿ ಟೇಪು ಸುತ್ತಿ. ಮನೆಯಲ್ಲಿ ಇಬ್ಬರು ಬಳಸುವುದಾದರೆ ಇಬ್ಬರದೂ ಅಳೆಯಿರಿ.

ಇದು ಕೆಲಸ ಮಾಡುವ ರೀತಿ ಗೊತ್ತಾದರೆ ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂತ ಅರ್ಥವಾಗುತ್ತದೆ. ಹಳೇ ಡಾಕ್ಟರುಗಳು ಪಾದರಸದ ಮಷಿನ್ ಇಟ್ಟುಕೊಂಡು ಮೊಣಕೈ ಮಡಿಕೆಯ ಮೇಲೆ ಸ್ಟೆತಸ್ಕೋಪ್ ಒತ್ತಿ ಶಬ್ದ ಕೇಳುತ್ತಿದ್ದರಲ್ಲ, ಆ ವಿಧಾನ ಹೇಳಿಕೊಟ್ಟದ್ದು 1905ರಲ್ಲಿ ಕೊರೊಟ್ಕಾಫ್ ಅನ್ನುವ ರಷ್ಯಾದ ಡಾಕ್ಟರ್. ಈ ಮಷಿನ್ ಶಬ್ದ ಕೇಳುವುದಿಲ್ಲ. ಪಟ್ಟಿ ರಕ್ತನಾಳವನ್ನು ಒತ್ತಿ ಹಿಡಿದು ನಿಧಾನ ಬಿಡುವಾಗ ನಾಳ ಬಡಿಯುವ ಸಣ್ಣ ಅದುರು ಪಟ್ಟಿಗೆ ಬರುತ್ತದೆ. ಆ ಅದುರಿನ ಲೆಕ್ಕದಿಂದಲೇ ಅಂಕಿ ಬರುವುದು. ಪಟ್ಟಿ ಸಡಿಲವಾಗಿದ್ದರೆ, ಕೈ ಅಲುಗಿದರೆ, ಮಾತಾಡಿದರೆ ಲೆಕ್ಕ ತಪ್ಪುತ್ತದೆ. ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲೆ, ಬರಿ ತೋಳಿಗೆ, ಒಂದು ಬೆರಳು ಒಳಗೆ ತೂರುವಷ್ಟು ಬಿಗಿಯಾಗಿ ಕಟ್ಟಬೇಕು. ಸ್ವೆಟರ್ ತೋಳನ್ನು ಮೇಲಕ್ಕೆ ಸುರುಳಿ ಸುತ್ತಿ ಕಟ್ಟುವವರು ತುಂಬಾ ಜನ, ಆ ಸುರುಳಿಯೇ ತೋಳನ್ನು ಹಿಂಡುತ್ತಿರುತ್ತದೆ. ತೆಗೆದೇಬಿಡಿ.

ಕೂರುವುದು ಇನ್ನೊಂದು ಕಥೆ. ಬೆನ್ನಿಗೆ ಆಸರೆ ಇರುವ ಕುರ್ಚಿ, ಪಾದ ಎರಡೂ ನೆಲಕ್ಕೆ, ಕಾಲ ಮೇಲೆ ಕಾಲು ಬೇಡ, ಕೈ ಮೇಜಿನ ಮೇಲೆ ಎದೆಯ ಮಟ್ಟಕ್ಕೆ. ಐದು ನಿಮಿಷ ಸುಮ್ನೆ ಕೂತು ಆಮೇಲೆ ಬಟನ್. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ. ಮೊದಲೇ ಬಾತ್‌ರೂಮಿಗೆ ಹೋಗಿ ಬನ್ನಿ, ಮೂತ್ರ ಕಟ್ಟಿಕೊಂಡು ಕೂತರೂ ಬಿಪಿ ಏರುತ್ತದೆ. ಕಾಫಿ, ಬೀಡಿ, ಸಿಗರೇಟು ಆಗಿ ಅರ್ಧ ಗಂಟೆ ಕಳೆದಿರಬೇಕು. ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರಿಗೂ ಇದೇ ಮಾತು. ನಮ್ಮನೆಯವರ ಜಗಳ ಇಲ್ಲೇ. ಎದ್ದ ಕೂಡಲೇ ಬೆಲ್ಲದ ಕಪ್ಪು ಕಾಫಿ ಗಂಟಲಿಗೆ ಇಳಿಯಲೇಬೇಕು. "ಕಾಫಿ ಕುಡಿಯದೆ ಅಳೆದರೆ ಅದು ನನ್ನ ಬಿಪಿನೇ ಅಲ್ಲ ಕಣೇ" ಅನ್ನುತ್ತಾರೆ. ಕೊನೆಗೆ ಒಪ್ಪಂದ ಏನಾಯಿತು ಅಂದರೆ, ಕಾಫಿ ಪಾತ್ರೆ ಒಲೆ ಮೇಲೆ ಇಟ್ಟು ನಾನು ಅಡುಗೆಮನೆಯಲ್ಲಿ, ಅವರು ಪಟ್ಟಿ ಕಟ್ಟಿಕೊಂಡು ಜಗುಲಿಯಲ್ಲಿ. ಅಳೆದು, ಬರೆದು, ಆಮೇಲೆ ಮಾತ್ರೆ, ಆಮೇಲೆ ಕಾಫಿ.

ಬರೆಯುವುದು ಯಾಕೆ ಅಂದರೆ, ಡಾಕ್ಟರಿಗೆ ಒಂದು ದಿನದ ಅಂಕಿಯಿಂದ ಏನೂ ಗೊತ್ತಾಗುವುದಿಲ್ಲ. ತೋರಿಸಲು ಹೋಗುವ ಮುಂಚಿನ ಒಂದು ವಾರ ಬೆಳಗ್ಗೆ ಎರಡು ಸಲ, ಸಂಜೆ ಎರಡು ಸಲ ಅಳೆದು, ಮೊದಲ ದಿನದ್ದನ್ನು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಬೇಕು. ಬಿಪಿ ಜಾಸ್ತಿ ಅನ್ನಲು ಆಸ್ಪತ್ರೆಯಲ್ಲಿ 140/90 ಗೆರೆಯಾದರೆ ಮನೆಯಲ್ಲಿ ಅಳೆದದ್ದಕ್ಕೆ 135/85 ಗೆರೆ. ಬಿಳಿ ಕೋಟು ಕಂಡರೆ ಕೆಲವರಿಗೆ ತಾನಾಗಿಯೇ ಏರುತ್ತದೆ, ಅದರಲ್ಲೂ 40 ಕಿಲೋಮೀಟರ್ ಆಸುಪಾಸು ತಿರುವು ರಸ್ತೆಯಲ್ಲಿ ಬಸ್ಸಿನಲ್ಲಿ ಕೂತು ಮಡಿಕೇರಿ ಆಸ್ಪತ್ರೆಗೆ ಹೋಗಿ ಕ್ಯೂನಲ್ಲಿ ನಿಂತವರಿಗೆ ಏರದೆ ಇನ್ನೇನು. ಕೆಲವರಿಗೆ ಉಲ್ಟಾ, ಆಸ್ಪತ್ರೆಯಲ್ಲಿ ಸರಿ ಇರುತ್ತದೆ, ಮನೆಯಲ್ಲಿ ಜಾಸ್ತಿ. ಅವರು ಸಿಕ್ಕಿಬೀಳುವುದು ಈ ಹಾಳೆಯಲ್ಲೇ.

ನಮ್ಮ ಮನೆಯಲ್ಲಿ ಈ ಮಷಿನ್‌ನಿಂದ ನಿಜವಾಗಿ ಉಪಕಾರ ಆದದ್ದು ನಮ್ಮ ದೊಡ್ಡಮ್ಮನಿಗೆ. ಎಂಬತ್ತು ದಾಟಿದೆ. ಪಕ್ಕದ ಹಳೇ ಮನೆಯಲ್ಲೇ ಇರುತ್ತಾರೆ, ಬಚ್ಚಲು ಅಂಗಳದ ಆಚೆ. ಮಳೆಗಾಲ ಬಂದರೆ ರಾತ್ರಿ ಹೊರಗೆ ಹೋಗಬೇಕಲ್ಲ ಅಂತ ಸಂಜೆಯಿಂದಲೇ ನೀರು ಕುಡಿಯುವುದು ನಿಲ್ಲಿಸುತ್ತಾರೆ. ಎದ್ದು ನಿಂತರೆ ತಲೆ ತಿರುಗುತ್ತದೆ ಅನ್ನುತ್ತಿದ್ದರು, ವಯಸ್ಸು ಅಂತ ಎಲ್ಲರೂ ಬಿಟ್ಟಿದ್ದೆವು. ಕೂತು ಅಳೆದರೆ 132. ಎದ್ದು ನಿಂತು ಒಂದು ನಿಮಿಷಕ್ಕೆ 106. "ಕಮ್ಮಿ ಇದ್ದಷ್ಟು ಒಳ್ಳೇದಲ್ವಾ ಮಗಾ" ಅಂದರು. ಅಲ್ಲ. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು. ನಮ್ಮ ಪಾಚಿ ಕಟ್ಟಿದ ಅಂಗಳದಲ್ಲಿ ಆ ವಯಸ್ಸಿನವರು ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಆಮೇಲಿನದು ಹೇಳಬೇಕಿಲ್ಲ. ಡಾಕ್ಟರು ಹಾಳೆ ನೋಡಿ ಒಂದು ಮಾತ್ರೆಯ ಡೋಸ್ ಇಳಿಸಿದರು, ನೀರು ಕುಡಿಯಲು ಗದರಿದರು, ಎದ್ದ ಕೂಡಲೇ ನಡೆಯದೆ ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತಿರಿ ಅಂದರು. ಈಗ ಮಂಚದ ಪಕ್ಕ ರಾತ್ರಿಗೆ ಕಮೋಡ್ ಕುರ್ಚಿ ಇಟ್ಟಿದ್ದೇವೆ. ಮೊದಮೊದಲು ನಾಚಿಕೆಪಟ್ಟುಕೊಂಡರು. ಹಾಗಾಗಿ ಬಿಪಿ ಮಾತ್ರೆ ತಿನ್ನುವ ಹಿರಿಯರಿದ್ದರೆ ನಿಲ್ಲಿಸಿಯೂ ಅಳೆಯಿರಿ. ಪಕ್ಕದಲ್ಲಿ ಒಬ್ಬರು ಹಿಡಿದುಕೊಂಡಿರಬೇಕು.

ಇನ್ನೊಂದು ಸಣ್ಣ ಗುರುತು ಇದೆ, ಪರದೆಯ ಮೂಲೆಯಲ್ಲಿ ಹೃದಯದ ಚಿತ್ರ. ನಮ್ಮ ಮಾಡೆಲ್‌ನಲ್ಲಿ ನಾಡಿ ತಾಳ ತಪ್ಪಿದರೆ ಅದು ಬರುತ್ತದೆ. ಒಮ್ಮೆ ಬಂದರೆ ಹೆದರಬೇಕಿಲ್ಲ, ಕೈ ಅಲುಗಿದರೂ ಬರುತ್ತದೆ. ಪದೇ ಪದೇ ಬಂದರೆ ಇಸಿಜಿ ಮಾಡಿಸಿ. ವಯಸ್ಸಾದಂತೆ ಹೃದಯದ ತಾಳ ತಪ್ಪುವುದು ಜಾಸ್ತಿ, ಅದನ್ನು ನೋಡಿಸದೆ ಹಾಗೇ ಬಿಟ್ಟರೆ ಪಾರ್ಶ್ವವಾಯುವಿನ ಅಪಾಯ ಇರುತ್ತದೆ.

ದೂರು ಇಲ್ಲವಾ? ಇದೆ. ಕೈಪಿಡಿಯಲ್ಲಿ ಕನ್ನಡ ಇಲ್ಲ, ಇರುವ ಅಕ್ಷರ ಇರುವೆ ಗಾತ್ರ. ವಯಸ್ಸಾದವರೇ ಬಳಸುವ ಸಾಮಾನಿಗೆ ಇದೆಂಥ ಬುದ್ಧಿ! ಒತ್ತುವಾಗ ತೋಳು ನೋಯುತ್ತದೆ, ಬಿಪಿ ಜಾಸ್ತಿ ಇದ್ದರೆ ಅಥವಾ ಅಲುಗಿದರೆ ಇನ್ನೊಮ್ಮೆ ಗಾಳಿ ತುಂಬಿ ಇನ್ನೂ ಜಾಸ್ತಿ ಒತ್ತುತ್ತದೆ. ಮಳೆಗಾಲದಲ್ಲಿ ಪಟ್ಟಿಗೆ ಬೂಷ್ಟು ಹಿಡಿಯಿತು. ಬಿಸಿಲು ಬರುವ ತನಕ ಕಾಯುವುದು ಇಲ್ಲಿ ಆಗದ ಮಾತು, ಒಲೆ ಮೇಲಿನ ಅಟ್ಟದಲ್ಲಿ ಇಡೋಣ ಅಂದರೆ ಬಿಸಿಗೆ ಒಳಗಿನ ರಬ್ಬರ್ ಹಾಳಾಗಬಹುದು. ಒರೆಸಿ, ಗಾಳಿಗೆ ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡುತ್ತಿದ್ದೇನೆ, ಈಗ ಪರವಾಗಿಲ್ಲ. ತುಂಬಾ ದಿನ ಬಳಸದಿದ್ದರೆ ಸೆಲ್ ತೆಗೆದಿಡಿ, ಇಲ್ಲದಿದ್ದರೆ ತೇವಕ್ಕೆ ಕಿಲುಬು ಹಿಡಿಯುತ್ತದೆ. ಸೆಲ್ಲಿನಲ್ಲಿ ಓಡುವುದೇ ನಮಗೆ ಅನುಕೂಲ, ಕರೆಂಟ್ ನಂಬಿ ಕೂರುವ ಊರಾ ಇದು?

ಡಿಸೆಂಬರ್ ಚಳಿಯಲ್ಲಿ ಅಂಕಿ ಸ್ವಲ್ಪ ಏರುತ್ತದೆ. ಗಾಬರಿ ಬೇಡ, ಚಳಿಗೆ ರಕ್ತನಾಳ ಬಿಗಿಯುತ್ತದೆ. ಆದರೆ ಮಳೆಗಾಲದಲ್ಲಿ ಏರಿದರೆ ಅಡುಗೆಮನೆ ಕಡೆ ನೋಡಿ. ಒಣಮೀನು, ಉಪ್ಪಿನಲ್ಲಿಟ್ಟ ಹಲಸಿನ ತೊಳೆ, ಕಣಿಲೆ ಉಪ್ಪಿನಕಾಯಿ, ಗಂಜಿಗೆ ಇನ್ನೊಂದು ಚಿಟಿಕೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂ ಒಳಗೆ ಉಪ್ಪು, ಅಂದರೆ ಹೆಚ್ಚುಕಮ್ಮಿ ಒಂದು ಟೀ ಚಮಚ, ಎಲ್ಲ ಸೇರಿ. ನಾನು ಎಷ್ಟು ಹೇಳಿದರೂ ಕೇಳದ ನಮ್ಮನೆಯವರು ಹಾಳೆಯಲ್ಲಿ ತಮ್ಮದೇ ಕೈಬರಹದ ಅಂಕಿ ನೋಡಿ ಒಣಮೀನಿನ ತಟ್ಟೆ ದೂರ ತಳ್ಳಿದರು. ವಾರಕ್ಕೊಮ್ಮೆ ವಾಪಸ್ ಎಳೆದುಕೊಳ್ಳುತ್ತಾರೆ, ಅದು ಬೇರೆ.

ಅಂಕಿ ನೋಡಿ ನೀವೇ ಮಾತ್ರೆ ಏರಿಸುವುದು, ಬಿಡುವುದು ಮಾಡಬೇಡಿ. 180/120 ದಾಟಿದರೆ ಐದು ನಿಮಿಷ ಕೂತು ಇನ್ನೊಮ್ಮೆ ಅಳೆಯಿರಿ, ಆಗಲೂ ಹಾಗೇ ಇದ್ದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಜೊತೆಗೆ ಎದೆನೋವು, ಉಸಿರುಗಟ್ಟುವುದು, ಮಾತು ತೊದಲುವುದು, ಕೈಕಾಲು ಸೋಲುವುದು ಏನಾದರೂ ಇದ್ದರೆ ಮತ್ತೆ ಮತ್ತೆ ಬಟನ್ ಒತ್ತುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಕೈಪಿಡಿಗೆ ಮತ್ತು ಪಟ್ಟಿಗೆ ಬೇರೆ ದುಡ್ಡು ತೆಗೆದುಕೊಂಡದ್ದಕ್ಕೆ. ಕೊಂಡ ಮೇಲೆ ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಮಷಿನ್ನನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ, ಅವರದರಲ್ಲಿ ಒಮ್ಮೆ, ನಿಮ್ಮದರಲ್ಲಿ ಒಮ್ಮೆ ಅಳೆಸಿ ಹೋಲಿಸಿ ನೋಡಿ. ಮೊದಲ ಸಲ ಎರಡೂ ತೋಳಿಗೆ ಅಳೆಸಿ, ಯಾವುದರಲ್ಲಿ ಜಾಸ್ತಿ ಬರುತ್ತದೋ ಮನೆಯಲ್ಲೂ ಅದಕ್ಕೇ ಕಟ್ಟಿ. ಬಿಲ್ ಮತ್ತು ವಾರಂಟಿ ಕಾರ್ಡನ್ನು ಅದೇ ಡಬ್ಬಿಯಲ್ಲಿ ಇಡಿ.